ಇಬ್ಬರು ಬೇಕಾಗುವ ಪದ

ಮೊದಲೇ ಹೇಳಿಬಿಡುತ್ತೇನೆ, ನಾನೂ ಅತ್ತಿಗೆಯೂ ಜಗಳವಾಡುತ್ತಿರಲಿಲ್ಲ. ಅಳತೆ ತೆಗೆಯುತ್ತಿದ್ದೆವು. ಅದು ಮೇಲಿನ ಮಹಡಿಗೆ ಜಗಳದ ಹಾಗೆ ಕೇಳಿಸಿದರೆ ಮಹಡಿ ಕಟ್ಟಿದವನನ್ನು ಕೇಳಬೇಕು, ನಮ್ಮನ್ನಲ್ಲ.

ನಮ್ಮದು ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ. ಅಣ್ಣ ಶುರು ಮಾಡಿದ್ದು. ಅವನು ಹೋದ ಮೇಲೆ ಅವನ ಹೆಂಡತಿ ಮತ್ತು ನಾನು ನಡೆಸಿಕೊಂಡು ಬಂದಿದ್ದೇವೆ. ಇರುವುದೂ ಅಂಗಡಿಯ ಹಿಂದಿನ ಕೋಣೆಗಳಲ್ಲೇ. ಅವಳು ಟೇಪು ಹಿಡಿಯುತ್ತಾಳೆ, ನಾನು ಗಾಜು ಕತ್ತರಿಸುತ್ತೇನೆ. ಗಾಜಿನ ಸಂಗತಿ ಗೊತ್ತಲ್ಲ, ಒಮ್ಮೆ ಗಿಡ್ಡ ಕತ್ತರಿಸಿದರೆ ಯಾವ ದೇವರು ಬಂದರೂ ಉದ್ದ ಮಾಡಲಾರ. ಸಾಲದ್ದಕ್ಕೆ ನಮ್ಮ ಟೇಪಿನ ಮೊದಲ ಇಂಚು ಎಂದೋ ಹರಿದುಹೋಗಿದೆ. ಹೊಸದು ತರೋಣವೆಂದರೆ ಅತ್ತಿಗೆ ಕೇಳುವುದಿಲ್ಲ, ಅಣ್ಣನ ಕೈಯಲ್ಲಿದ್ದ ಟೇಪು ಅದು. ಹಾಗಾಗಿ ಪ್ರತಿ ಅಳತೆಯಲ್ಲೂ ಒಂದು ಇಂಚು ಕಳೆಯಬೇಕು.

"ಒಂದು ಕಳೆದ್ಯಾ?"

"ಕಳೀದೇ ಹೇಳ್ತೀನಾ? ಕಿವೀಲಿ ಏನಿಟ್ಕೊಂಡಿದ್ದೀಯ?"

"ನಿನ್ನೆ ಕಳೆದಿರ್ಲಿಲ್ಲ."

"ಕಳೆದಿದ್ದೆ ಕಣೇ! ನೀನೇ ಅದರ ಮೇಲೆ ಇನ್ನೊಂದು ಕಳೀತಿದ್ದೆ, ನಾನು ಬಾಯಿ ಮಾಡಿದ್ದಕ್ಕೆ ಉಳೀತು!"

ಹೀಗೆ ಶುರುವಾಗಿ, ಅವಳು ಈ ಮನೆಗೆ ಬಂದಾಗಿನ ಲೆಕ್ಕವೆಲ್ಲ ಹೊರಬಂದು, ಸೂರು ಹಾರಿಹೋಗುವಂತೆ ಕಿರುಚಾಡಿ, ಇಬ್ಬರೂ ಮತ್ತೆ ಅಳೆದ ಮೇಲೆಯೇ ನಾನು ಗಾಜಿಗೆ ಕೈ ಹಾಕುವುದು. ಅಣ್ಣ ಮೆದು ಮಾತಿನವನು. ಅವನ ಕಾಲದಲ್ಲಿ ವಾರಕ್ಕೊಂದು ಬುಟ್ಟಿ ಗಾಜಿನ ಚೂರು ಹೊರಗೆ ಹೋಗುತ್ತಿತ್ತು. ನಮ್ಮ ಕಾಲದಲ್ಲಿ ಒಂದು ಹಾಳೆಯೂ ಹಾಳಾಗಿಲ್ಲ.

ಇದು ಮೇಲಿನ ಹಲ್ಲಿನ ಡಾಕ್ಟರಿಗೆ ಅರ್ಥವಾಗಬೇಕಲ್ಲ. ಕಟ್ಟಡವನ್ನು ಹೊಸದಾಗಿ ಕೊಂಡವರು ಅವರೇ. ಸಣ್ಣ ವಯಸ್ಸು, ಬೆಳ್ಳಗಿನ ಕೋಟು, ಮಾತು ಬಲು ತುಟ್ಟಿ. ಮೆಟ್ಟಿಲಿಳಿದು ಬಂದು "ಸ್ವಲ್ಪ ಮೆತ್ತಗೆ ಮಾತಾಡಿ" ಎಂದರೆ ಬಾಯಿ ಸವೆಯುತ್ತಿತ್ತೇ? ಇಲ್ಲ, ಇಂಗ್ಲಿಷಿನಲ್ಲಿ ಒಂದು ನೋಟಿಸು ಕಳಿಸಿದರು. ನಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಕೂಡಿಸಿ ಓದಿದೆವು. ಅಂಗಡಿಯಲ್ಲಿ ಇನ್ನೊಂದು ಸಲ 'ಆಲ್ಟರ್ಕೇಷನ್' ನಡೆದರೆ ಜಾಗ ಖಾಲಿ ಮಾಡಬೇಕು ಎಂದಿತ್ತು. ಏನು ನಡೆಯಬಾರದು ಎಂಬುದೇ ತಿಳಿಯಲಿಲ್ಲ.

ಆ ಮಧ್ಯಾಹ್ನ ಮೊಮ್ಮಗಳ ಫೋಟೋ ಒಯ್ಯಲು ಪಕ್ಕದ ಬೀದಿಯ ಇಂಗ್ಲಿಷ್ ಮೇಷ್ಟ್ರು ಬಂದರು. ಪಾಠ ಬಿಟ್ಟು ವರ್ಷಗಳಾದರೂ ಪಾಠದ ಚಟ ಅವರನ್ನು ಬಿಟ್ಟಿರಲಿಲ್ಲ. ನೋಟಿಸು ನೋಡಿದವರೇ ಕುರ್ಚಿ ಎಳೆದುಕೊಂಡು ಕೂತರು.

"ಆಲ್ಟರ್ಕೇಷನ್! ಪರವಾಗಿಲ್ಲ, ಡಾಕ್ಟ್ರು ಒಳ್ಳೇ ಪದಾನೇ ಹಾಕಿದ್ದಾರೆ."

"ಬೈಗುಳಾನಾ?" ಅತ್ತಿಗೆ ಸೆರಗು ಬಿಗಿದಳು.

"ಅಲ್ಲಮ್ಮಾ. ಆರ್ಗ್ಯುಮೆಂಟ್ ಅಂದ್ರೆ ವಾದ. ಅದನ್ನ ಕೂತ್ಕೊಂಡು ಮೆತ್ತಗೂ ಮಾಡ್ಬಹುದು. ಫೈಟ್ ಅಂದ್ರೆ ಕೈ ಕೈ ಮಿಲಾಯಿಸೋದು. ಇದು ಅವೆರಡರ ಮಧ್ಯದ್ದು. ಬಾಯಿ ಜೋರು, ಕೈ ಸುಮ್ನೆ. ಪೇಪರ್‌ನವರು ಮಾತಿನ ಚಕಮಕಿ ಅಂತ ಬರೀತಾರಲ್ಲ, ಅದೇ."

"ಹಾಗಾದ್ರೆ ನೀವೂ ನಿಮ್ಮನೆಯವರೂ ದಿನಾ ಬೆಳಿಗ್ಗೆ ಮಾಡೋದು?" ಎಂದೆ. ಅವರ ಮನೆಯ ಸದ್ದು ನಮ್ಮ ಹಿತ್ತಲಿಗೆ ಕೇಳಿಸುತ್ತದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅದು ಚರ್ಚೆ. ನಾವು ಮಾಡಿದ್ರೆ ಯಾವಾಗ್ಲೂ ಚರ್ಚೆ, ಪಕ್ಕದ ಮನೆಯವರು ಮಾಡಿದ್ರೆ ಆಲ್ಟರ್ಕೇಷನ್. ಪೊಲೀಸರು, ವಕೀಲರು, ಕಟ್ಟಡದ ಮಾಲೀಕರು, ಇವರ ಬಾಯಲ್ಲೇ ಈ ಪದ ಜಾಸ್ತಿ. ಇದರ ಹುಟ್ಟು ಇನ್ನೂ ಚೆನ್ನಾಗಿದೆ ಕೇಳಿ. ಲ್ಯಾಟಿನ್ನಲ್ಲಿ ಆಲ್ಟರ್ ಅಂದ್ರೆ ಇಬ್ಬರಲ್ಲಿ ಇನ್ನೊಬ್ಬರು. ಎದುರಿಗೆ ಆ ಇನ್ನೊಬ್ಬರು ಇದ್ರೇನೇ ಈ ಪದಕ್ಕೆ ಜೀವ. ಒಬ್ಬರೇ ಕೂತು ಗಂಟಲು ಹರ್ಕೊಂಡ್ರೂ ಅದು ಆಲ್ಟರ್ಕೇಷನ್ ಆಗಲ್ಲ."

ಪದವನ್ನು ನಮ್ಮ ತಲೆಗೆ ಕಟ್ಟಿ ಮೇಷ್ಟ್ರು ಫೋಟೋ ಎತ್ತಿಕೊಂಡು ಹೋದರು. ಅತ್ತಿಗೆ ನೋಟಿಸನ್ನು ಮಡಿಸಿ ಟೇಪಿನ ಕೆಳಗಿಟ್ಟಳು. ಅವಳು ಬಾಯಿ ಮಾಡಿದರೆ ನನಗೆ ಭಯವಿಲ್ಲ, ಸುಮ್ಮನಾದರೆ ಭಯ.

ಮಾರನೆಯ ಬೆಳಿಗ್ಗೆ ಅವಳು ನನಗೆ 'ನೀವು' ಎಂದಳು.

"ಕಾಫಿ ಆರ್ತಾ ಇದೆ, ತಗೊಳ್ಳಿ."

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಬಂದಿರಲಿಲ್ಲ. ಅಂಗಡಿ ಉಳಿಯಬೇಕಾದರೆ ಇದೇ ದಾರಿ ಎಂದು ಅರ್ಥವಾಗಿ ನಾನೂ "ನೀವು ಕುಡಿದ್ರಾ ಅತ್ತಿಗೆ?" ಎಂದೆ. ನನ್ನ ಬಾಯಿ ನನಗೇ ಅಂಟಂಟಾಯಿತು. ಅವತ್ತೆಲ್ಲ "ನಿಮ್ಮಿಷ್ಟ", "ನೀವು ಹೇಳಿದ ಹಾಗೇ ಆಗ್ಲಿ". ಹೆಣ್ಣು ನೋಡಲು ಬಂದ ಬೀಗರ ಹಾಗೆ ಇಬ್ಬರೂ ಓಡಾಡಿದೆವು.

ಸಂಜೆ ರಟ್ಟು ಜೋಡಿಸುತ್ತಾ ಅವಳು ಮೆತ್ತಗೆ ಹೇಳಿದಳು. "ನಾನು ಯೋಚನೆ ಮಾಡಿದೆ. ಎಷ್ಟು ದಿನ ಹೀಗೆ ಬಾಯಿ ಕಟ್ಕೊಂಡಿರೋಕಾಗತ್ತೆ? ಆ ಇನ್ನೊಬ್ಬರು ಇಲ್ದಿದ್ರೆ ಆ ಪದಾನೇ ಇಲ್ಲ ಅಂದ್ರಲ್ಲ ಮೇಷ್ಟ್ರು. ಭಾನುವಾರ ತವರಿಗೆ, ನಮ್ಮಣ್ಣನ ಮನೆಗೆ ಹೋಗ್ಬಿಡ್ತೀನಿ. ಗಾಜು ಕತ್ತರಿಸೋ ಕೈ ನಿಮ್ಮದು. ಅಂಗಡಿ ನಿಮಗಿರಲಿ."

ಬೇಡವೆಂದು ಕಿರುಚಬೇಕೆನಿಸಿತು. ಹೋಗಬೇಡ ಎಂದರೆ ಅವಳು ಹೋಗ್ತೀನಿ ಎನ್ನುತ್ತಾಳೆ, ಅಲ್ಲಿಂದ ಸದ್ದು ಮಹಡಿ ಮುಟ್ಟಲು ಎಷ್ಟು ಹೊತ್ತು? "ಸರಿ, ನಿಮ್ಮಿಷ್ಟ" ಎಂದೆ. ಅವಳು ನನ್ನ ಮುಖ ನೋಡಿ, ಮತ್ತೆ ರಟ್ಟು ಜೋಡಿಸತೊಡಗಿದಳು.

ನಮ್ಮ ಮೌನಕ್ಕೆ ಮೇಲಿನಿಂದ ಬಹುಮಾನ ಬಂತು. ಡಾಕ್ಟರು ತಮ್ಮ ಪದವಿ ಪತ್ರವನ್ನು ಫ್ರೇಮಿಗೆಂದು ನರ್ಸಮ್ಮನ ಕೈಯಲ್ಲಿ ಕಳಿಸಿದರು. ಅತ್ತಿಗೆ ಅಳೆದು ಲೆಕ್ಕ ಹೇಳಿದಳು. "ಒಂದು ಕಳೆದ್ಯಾ" ಎಂಬುದು ನಾಲಗೆಯ ತುದಿಗೆ ಬಂತು. ಅನುಮಾನಪಟ್ಟಂತಾಗುತ್ತದೆಂದು ನುಂಗಿಕೊಂಡು ನಾನೇ ಸದ್ದಿಲ್ಲದೆ ಒಂದು ಕಳೆದೆ. ಅವಳು ಆಗಲೇ ಕಳೆದಿದ್ದಳು. ನಾನು ಕಳೆಯುವುದನ್ನು ಅವಳು ನೋಡಿದಳಂತೆ, ಹೇಳಿದರೆ ನನಗೆ ಬೇಜಾರಾದೀತೆಂದು ಬಾಯಿ ಮುಚ್ಚಿಕೊಂಡಳಂತೆ. ಮರ್ಯಾದೆಯಲ್ಲಿ ಒಂದು ಇಂಚು ಹೋಯಿತು.

ಶನಿವಾರ ಡಾಕ್ಟರು ತಾವೇ ಇಳಿದು ಬಂದರು. ಪತ್ರವನ್ನು ಅವರೆದುರಿಗೇ ಒಳಗೆ ಕೂರಿಸಲು ಹೋದೆ. ಕೂರಲಿಲ್ಲ. ತಿರುಗಿಸಿದೆ, ಆಗಲೂ ಕೂರಲಿಲ್ಲ.

"ನನ್ನ ತಪ್ಪು," ಎಂದಳು ಅತ್ತಿಗೆ.

"ಇಲ್ಲ, ನಿಮ್ಮದಲ್ಲ. ಗಾಜು ಕತ್ತರಿಸಿದ್ದು ನಾನು. ನನ್ನ ತಪ್ಪು."

"ನೀವು ಕಳೆಯೋದು ನೋಡಿದ್ದೆ. ತಪ್ಪು ನಂದೇ."

"ನಂದು ಅಂದ್ನಲ್ಲ!"

"ನಂದು ಅಂತ ನಾನು ಹೇಳ್ತಿರುವಾಗ ನಿಂದು ಅನ್ನೋಕೆ ನೀನ್ಯಾರೇ?"

"ಎಲ್ಲಾದಕ್ಕೂ ಮುಂದೆ ನಿಂತ್ಕೋಬೇಕು ನಿನಗೆ! ತಪ್ಪು ಮಾಡೋದ್ರಲ್ಲೂ!"

ಮೇಲೆ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಡಾಕ್ಟರು ಕೈಯೆತ್ತಿ, "ಇರಲಿ ಬಿಡಿ, ಪೇಪರ್ ಅಂಚು ಸ್ವಲ್ಪ ಕತ್ತರಿಸಿಬಿಡಿ, ಸರಿಹೋಗುತ್ತೆ" ಎಂದರು.

ಇಬ್ಬರೂ ಒಟ್ಟಿಗೆ ಅವರ ಕಡೆ ತಿರುಗಿದೆವು.

"ಪದವಿ ಪತ್ರಕ್ಕೆ ಕತ್ತರಿ ಹಾಕೋದಾ?" ಎಂದಳು ಅತ್ತಿಗೆ. "ಈ ಅಂಗಡೀಲಿ ಇವತ್ತಿನವರೆಗೆ ಒಬ್ಬರ ಕಾಗದದ ಅಂಚೂ ಮುಟ್ಟಿಲ್ಲ!"

"ಬಾಯಿಗೆ ಹಲ್ಲಿನ ಸೆಟ್ಟು ಕೂರದಿದ್ರೆ ದವಡೆ ಕತ್ತರಿಸ್ತೀರಾ ನೀವು?" ಎಂದೆ ನಾನು.

"ರೀ, ಅದು ನನ್ನ ಪತ್ರ! ಐದು ವರ್ಷ ಕಷ್ಟಪಟ್ಟು ಓದಿದ್ದು ನಾನು! ನಾನು ಕತ್ತರಿಸ್ತೀನಿ, ಹರೀತೀನಿ, ನಿಮಗೇನ್ರೀ?" ಡಾಕ್ಟರ ಗಂಟಲಿಗೆ ಅಷ್ಟು ಶಕ್ತಿಯಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಮೇಜಿನ ಮೇಲಿನ ಗಾಜು ನಡುಗಿತು. ಮೆಟ್ಟಿಲ ಮೇಲೆ ಕೆನ್ನೆ ಊದಿದ ಅಜ್ಜಿ, ಬಾಯಿಗೆ ಹತ್ತಿ ತುರುಕಿಕೊಂಡ ಗುಮಾಸ್ತ, ಅವರ ಹಿಂದೆ ನರ್ಸಮ್ಮ ಬಂದು ನಿಂತಿದ್ದರು.

"ಡಾಕ್ಟ್ರೇ, ನೀವಾ?" ಎಂದಳು ಅಜ್ಜಿ. "ನಾನು ಈ ಹೆಂಗಸರೇ ಅನ್ಕೊಂಡೆ."

ಡಾಕ್ಟರು ಬೆವರೊರೆಸಿಕೊಂಡರು. ಪದವಿ ಪತ್ರವನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು, ನನ್ನತ್ತ ನೋಡದೆ, "ಹೊಸದು ಮಾಡಿಕೊಡಿ. ಸರಿಯಾಗಿ. ಅದಕ್ಕೆ ನೀವೇನು ಮಾಡ್ಬೇಕೋ ಮಾಡ್ಕೊಳ್ಳಿ" ಎಂದರು.

"ನೋಟಿಸು?" ಎಂದೆ.

"ಸದ್ಯಕ್ಕೆ ಅದರ ಮಾತು ಬೇಡ," ಎಂದು ಮೇಲೆ ಹೋದರು.

ಗೆದ್ದೆವೆಂದು ನಾನು ನಗುತ್ತಾ ತಿರುಗಿದೆ. ಅತ್ತಿಗೆ ನಗುತ್ತಿರಲಿಲ್ಲ. ಅವಳ ಕಣ್ಣು ತುಂಬಿತ್ತು.

"ಇಷ್ಟು ವರ್ಷದಲ್ಲಿ ನಾನು ಹೇಳಿದ್ದಕ್ಕೆ ನೀನು ಒಂದ್ಸಲಾನೂ ಸರಿ ಅಂದೋಳಲ್ಲ," ಎಂದಳು. "ಉಪ್ಪು ಕಮ್ಮಿ ಅಂದ್ರೆ ಜಾಸ್ತಿ ಅಂತೀಯ. ಬಾಗಿಲು ಹಾಕು ಅಂದ್ರೆ ತೆಗೀತೀಯ. ಹೋಗ್ತೀನಿ ಅಂದಾಗ ಮಾತ್ರ ಸರಿ ಅಂದ್ಯಲ್ಲೇ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಒಳಗಿನ ಕೋಣೆಯಲ್ಲಿ ಅವಳ ಚೀಲ ಆಗಲೇ ತುಂಬಿತ್ತು.

"ಹೋಗಕೂಡದು," ಎಂದೆ.

"ಯಾಕೆ?"

"ನಾನು ಹೇಳ್ತೀನಿ, ಅದಕ್ಕೆ."

"ಹೇಳೋಕೆ ನೀನು ನಂಗೆ ಏನಾಗ್ಬೇಕು?"

"ನಾದಿನಿ," ಎಂದೆ, ಆದಷ್ಟು ಜೋರಾಗಿ.

"ನಾದಿನಿಯಂತೆ!" ಅತ್ತಿಗೆ ಮೂಗು ಮುರಿದಳು. "ನಿಮ್ಮಣ್ಣ ಹೋದ ಮೇಲೆ ಯಾವ ನಾದಿನಿ, ಯಾವ ಅತ್ತಿಗೆ? ತಂಗಿ ಅನ್ನೋಕೆ ನಿನ್ನ ಬಾಯಿಗೇನು ಬಂದಿದೆ ರೋಗ?"

ಒಳಗೆ ಹೋಗಿ ಅವಳ ಚೀಲದಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದೆ.