ಅಗ್ಗದ ಹಗ್ಗ

ಹಗ್ಗ ಅಗ್ಗಕ್ಕೆ ಸಿಕ್ಕಿತು ಎಂದು ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು ಎಂದು ಗಾಜಕ್ಕನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ದುಬಾರಿ ಮಾಲು, ದೂರದಿಂದಲೇ ನೋಡಿ ಅಂದಿದ್ದರೆ ಬಹುಶಃ ಉಳಿದುಕೊಳ್ಳುತ್ತಿತ್ತು.

ಗಾಜಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಎತ್ತರದ ಕಟ್ಟಡಗಳ ಹೊರಮೈಯ ಗಾಜು ಒರೆಸುವುದು ಅವಳ ಕೆಲಸ. ತಾರಸಿಯಿಂದ ಇಳಿಬಿಟ್ಟ ಹಗ್ಗಕ್ಕೆ ಸೊಂಟದ ಪಟ್ಟಿ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ಟು ನೇತುಹಾಕಿಕೊಂಡು, ಒಂದೊಂದೇ ಅಂತಸ್ತು ಇಳಿಯುತ್ತ ಬರಬೇಕು. ಒಬ್ಬೊಬ್ಬರಿಗೆ ಎರಡೆರಡು ಹಗ್ಗ. ಒಂದರಲ್ಲಿ ಕೂತು ಇಳಿಯುವುದು. ಅದು ಕೈಕೊಟ್ಟರೆ ಹಿಡಿದುಕೊಳ್ಳಲು ಇನ್ನೊಂದು. ಈ ಎರಡನೆಯ ಹಗ್ಗ ಕಂಪನಿಯಲ್ಲಿ ಹತ್ತು ಜನರ ಕೈ ದಾಟಿ ತೆಂಗಿನ ನಾರಿನ ಹಾಗೆ ಒರಟಾಗಿತ್ತು. ಯಾರು ಎಲ್ಲಿ ಉಜ್ಜಿದ್ದರೋ, ಯಾರು ತುಳಿದಿದ್ದರೋ. ನನ್ನದು ಅಂತ ಒಂದಿರಲಿ ಎಂದುಕೊಂಡು ಅವಳು ಬಂಡೆ ಹತ್ತುವವರ ಸಾಮಾನು ಮಾರುವ ಅಂಗಡಿಗೆ ಹೋಗಿ, ಇದ್ದುದರಲ್ಲೇ ಕಡಿಮೆ ಬೆಲೆಯದನ್ನು ಆರಿಸಿ ತಂದಳು. ಅರವತ್ತು ಮೀಟರು, ಕಿರುಬೆರಳಿನ ದಪ್ಪ, ನೀಲಿ ಬಣ್ಣದ ಮೈಯಲ್ಲಿ ಒಂದು ಕಿತ್ತಳೆ ಎಳೆ.

ಕಂಪನಿಯ ಮೇಸ್ತ್ರಿ ಅದನ್ನು ಗೇಣು ಗೇಣಾಗಿ ಕೈಯಲ್ಲಿ ಎಳೆದು ನೋಡಿದರು. ಬಗ್ಗಿಸಿದರು, ಗಂಟು ಹಾಕಿ ಬಿಚ್ಚಿದರು, ಹೊದಿಕೆಯನ್ನು ಉಗುರಿನಿಂದ ಜಗ್ಗಿದರು. ಹೊಗಳಿಕೆಯನ್ನು ಅಳೆದು ತೂಗಿ ಕೊಡುವ ಮನುಷ್ಯ ಅವರು.

“ಹೊಸದಲ್ವಾ, ಸ್ವಲ್ಪ ಬಿರುಸು. ನಾಲ್ಕು ದಿನ ಓಡಾಡಿದ್ರೆ ಮೆತ್ತಗಾಗತ್ತೆ. ಗಂಟು ಚೆನ್ನಾಗಿ ಕೂರತ್ತೆ, ಮೇಲಿನ ಹೊದಿಕೆ ಜಾರಲ್ಲ. ನೀರು ಮಾತ್ರ ಕುಡಿಯತ್ತೆ, ನೆರಳಲ್ಲಿ ಒಣಗಿಸ್ಬೇಕು. ಬೆಲೆ ಕಡಿಮೆ ಅಂತ ಕಳಪೆ ಏನಲ್ಲ ಕಣಮ್ಮ” ಅಂದರು. ಆಮೇಲೆ ಬೆರಳೆತ್ತಿ, “ಒಂದೇ ಮಾತು. ಇದು ಜೀವ ಹಿಡಿಯೋ ಹಗ್ಗ. ಬೇರೆ ಏನನ್ನೂ ಹಿಡಿಯಬಾರ್ದು” ಎಂದರು.

ಕಂಪನಿಯ ಸಾಮಾನಿನ ಕೋಣೆಯಲ್ಲಿ ಸದಾ ಥಂಡಿ. ಹಾಗಾಗಿ ಒದ್ದೆ ಹಗ್ಗವನ್ನು ಅವಳು ದಿನಾ ಮನೆಗೆ ಹೊತ್ತು ತಂದು ಒಳಗಿನ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಹರವತೊಡಗಿದಳು. ಮೂರನೆಯ ಅಂತಸ್ತಿನ ಪುಟ್ಟ ಮನೆ. ಅತ್ತೆ, ದರ್ಜಿ ಕೆಲಸದ ಗಂಡ, ಎಲ್ಲದಕ್ಕೂ ಒಂದು ಉಪಾಯ ಇಟ್ಟುಕೊಂಡಿರುವ ಮೈದುನ, ಇವಳು. ಒಟ್ಟು ನಾಲ್ಕು ಜನ. ಮೊದಲ ರಜೆಯ ದಿನ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಗ್ಗದ ಮೇಲೆ ಎರಡು ಹೊದಿಕೆ, ನಾಲ್ಕು ಲುಂಗಿ, ಅತ್ತೆಯ ಸೀರೆ ಸಾಲಾಗಿ ತೊಟ್ಟಿಕ್ಕುತ್ತಿದ್ದವು. ಬಿಳಿ ಬಟ್ಟೆಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು.

“ಅತ್ತೆ, ಇದು ಬಟ್ಟೆ ಒಣಗ್ಸೋ ಹಗ್ಗ ಅಲ್ಲ!”

“ಒಣಗ್ಲಿ ಅಂತ ನೀನೇ ತಾನೇ ಹಾಕಿದ್ದು? ಒಣಗ್ತಾ ಇರೋದರ ಮೇಲೆ ಇನ್ನೆರಡು ಒಣಗಿದ್ರೆ ಏನು ಗಂಟು ಹೋಗತ್ತೆ?”

“ಬ್ಲೀಚಿಂಗ್ ತಾಗಿದ್ರೆ ದಾರ ಸತ್ತುಹೋಗತ್ತೆ ಅತ್ತೆ.”

“ಅಗ್ಗದ್ದು ಅಂದ್ಯಲ್ಲ ಮತ್ತೆ!” ಎಂದು ಅತ್ತೆ ಮೇಲಿಂದ ಒಂದು ಟವೆಲ್ಲನ್ನೂ ಹಾಕಿದರು.

ಪುಣ್ಯಕ್ಕೆ ಆ ಬಟ್ಟೆಗಳನ್ನು ಮೂರು ಸಲ ಜಾಲಿಸಿಯಾಗಿತ್ತು. ಹಗ್ಗಕ್ಕೆ ಏನೂ ಆಗಿರಲಿಲ್ಲ. ಆದರೆ ಅಲ್ಲಿಂದ ಶುರುವಾಯಿತು ನೋಡಿ. ಮಾರನೆಯ ವಾರ ಮೈದುನ ಗೆಳೆಯನ ಹಾಸಿಗೆಯನ್ನು ಅದರಲ್ಲೇ ಬಿಗಿದು ಆಟೋದ ಮೇಲೆ ಸಾಗಿಸಿದ. ಗಂಡ ಅಂಗಡಿಗೆ ಒಯ್ಯುವ ಬಟ್ಟೆಯ ಗಂಟನ್ನು ಕಟ್ಟಿ, “ಬಿಚ್ಚಿ ಕೊಟ್ನಲ್ಲೇ, ಹಾಗೇ ಇದೆ ನೋಡು” ಅಂದ. ಕೆಳಮನೆಯಾಕೆ ಕೂಡ ಬಂದು, ಕೆಟ್ಟು ನಿಂತ ಸ್ಕೂಟರನ್ನು ಎಳೆಸಬೇಕು, ನಿಮ್ಮ ಆ ಒಳ್ಳೆ ಹಗ್ಗ ಕೊಡಿ ಎಂದು ಕೇಳಿ, ಅತ್ತೆಯಿಂದ ಹೂಂ ಅನ್ನಿಸಿಕೊಂಡಿದ್ದಳು. ಆ ಹೊತ್ತಿಗೆ ಸರಿಯಾಗಿ ಗಾಜಕ್ಕ ಮೆಟ್ಟಿಲಲ್ಲಿ ಎದುರಾಗಿ ಕೈಯಿಂದ ಕಿತ್ತುಕೊಂಡಳು. ಆಮೇಲೆ ಒಂದು ವಾರ ಕೆಳಮನೆಯಾಕೆ ಮುಖ ತಿರುಗಿಸಿಕೊಂಡು ಓಡಾಡಿದಳು, ಅತ್ತೆ ಅವಳ ಪರವಾಗಿ ಇವಳ ಹತ್ತಿರ ಮಾತು ಬಿಟ್ಟರು.

ವಿಚಿತ್ರವೆಂದರೆ ಯಾರೂ ಹಗ್ಗವನ್ನು ಹೀಗಳೆಯುತ್ತಿರಲಿಲ್ಲ. ಎಂಥ ಮೃದು, ಎಂಥ ಗಟ್ಟಿ, ಎಷ್ಟು ಬಿಗಿದರೂ ಗಂಟು ಸಲೀಸಾಗಿ ಬಿಚ್ಚುತ್ತದೆ ಎಂದು ಬಂದವರ ಮುಂದೆಲ್ಲ ಹೊಗಳುವರು. ಹೊಗಳಿಕೆಯ ಕೊನೆಗೆ, “ಅದೂ ಅಷ್ಟು ಅಗ್ಗಕ್ಕೆ!” ಇದನ್ನು ಕೇಳಿದಾಗಲೆಲ್ಲ ಗಾಜಕ್ಕನ ಮೈ ಉರಿಯುತ್ತಿತ್ತು. ಸಮಾಧಾನವಾಗಿ ಹೇಳಿ ನೋಡಿದಳು, ಕೂಗಾಡಿ ನೋಡಿದಳು. ಹಗ್ಗವನ್ನು ಚೀಲದಲ್ಲಿ ತುಂಬಿ ಮಂಚದಡಿ ಇಟ್ಟು, “ಯಾರೂ ಮುಟ್ಟಬಾರದು” ಎಂದು ಚೀಟಿ ಅಂಟಿಸಿದಳು. ಅತ್ತೆ ಚೀಟಿ ಓದಿ, “ನಾವೇನು ಕಳ್ಳರಾ?” ಎಂದು ಅವತ್ತು ಊಟ ಬಿಟ್ಟರು. ಅವರನ್ನು ರಮಿಸಿ ಊಟಕ್ಕೆಬ್ಬಿಸುವ ಕೆಲಸವೂ ಇವಳಿಗೇ ಬಿತ್ತು.

ಒಂದು ದಿನ ಇಳಿಯುವ ಕೆಲಸವಿಲ್ಲವೆಂದು ಹಗ್ಗವನ್ನು ಮನೆಯಲ್ಲೇ ಬಿಟ್ಟು, ಬೇರೊಂದು ಕಟ್ಟಡದ ಅಳತೆಗೆಂದು ಮೇಸ್ತ್ರಿಯ ಜೊತೆ ಹೋಗಿದ್ದಳು. ಗಾಳಿ ಎದ್ದಿತು, ಅಳತೆ ಅರ್ಧಕ್ಕೇ ನಿಂತಿತು. ಮಧ್ಯಾಹ್ನಕ್ಕೆ ಮುಂಚೆಯೇ ಮನೆಯ ತಿರುವಿಗೆ ಬಂದವಳು ಕತ್ತೆತ್ತಿ ನೋಡಿದರೆ, ಅತ್ತೆಯ ಮರದ ಬೀರು ಎರಡನೆಯ ಅಂತಸ್ತಿನ ಎದುರು ಗಾಳಿಯಲ್ಲಿ ತೂಗುತ್ತಿದೆ. ಅದನ್ನು ಹಿಡಿದಿರುವುದು ನೀಲಿ ಹಗ್ಗ. ನಾದಿನಿಯ ಮನೆಗೆ ಕಳಿಸಬೇಕಾದ ಬೀರು ಅದು; ಮೆಟ್ಟಿಲ ತಿರುವಿನಲ್ಲಿ ಹಿಡಿಯುವುದಿಲ್ಲ ಎಂದು ಮೈದುನ ಉಪಾಯ ಹುಡುಕಿದ್ದ. ಬಾಲ್ಕನಿಯಲ್ಲಿ ಅವನೂ ಗಂಡನೂ ಕಾಲು ಗೋಡೆಗೆ ಕೊಟ್ಟು ಹಗ್ಗವನ್ನು ಜಗ್ಗಿ ಹಿಡಿದಿದ್ದರು. ಎತ್ತರ ಕಂಡರೆ ಆಗದ ಗಂಡ ಕಣ್ಣು ಮುಚ್ಚಿಕೊಂಡಿದ್ದ. ಬೀರುವಿನ ನೇರ ಕೆಳಗೆ ಅತ್ತೆ ಎರಡೂ ಕೈ ಮೇಲೆ ಚಾಚಿ ನಿಂತಿದ್ದರು.

“ಅತ್ತೆ! ಅಲ್ಲಿಂದ ಸರೀರಿ!”

“ನಾನು ಇಲ್ಲಿ ಹಿಡ್ಕೊಳ್ಳೋಕೆ ನಿಂತಿದೀನಿ!”

“ಬೀರು ಹಿಡ್ಕೋತೀರಾ? ಸರೀರಿ ಅಂದ್ರೆ ಸರೀರಿ!” ಎಂದು ತೋಳು ಹಿಡಿದು ಅವರನ್ನು ಎದುರು ಗೋಡೆಯವರೆಗೆ ಎಳೆದುಕೊಂಡು ಹೋಗಿ ನಿಲ್ಲಿಸಿ, ಎರಡೆರಡು ಮೆಟ್ಟಿಲು ಹಾರುತ್ತ ಮೇಲೋಡಿದಳು.

ಸಿಮೆಂಟು ಗೋಡೆಯ ಅಂಚಿನ ಮೇಲೆ ಹಗ್ಗ ಗರಗಸದ ಹಾಗೆ ಆಡುತ್ತಿತ್ತು. ನೀಲಿ ಹೊದಿಕೆಯಿಂದ ಜುಂಗು ಎದ್ದಿತ್ತು.

“ಅತ್ತಿಗೆ, ಸರಿಯಾದ ಹೊತ್ತಿಗೆ ಬಂದ್ರಿ,” ಎಂದ ಮೈದುನ, ಹಲ್ಲು ಕಚ್ಚಿಕೊಂಡೇ.

“ಬಾಯ್ಮುಚ್ಚು. ಇಬ್ಬರೂ ಸೇರಿ ಒಂದು ಗೇಣು ಮೇಲಕ್ಕೆಳೀರಿ. ಈಗ!”

ಅವರು ಎಳೆದ ಆ ಚಣದಲ್ಲಿ ಬಾಗಿಲ ಕಾಲೊರೆಸನ್ನು ಹಗ್ಗದಡಿ ತುರುಕಿದಳು. ನೆಲದಲ್ಲಿ ಬಿದ್ದಿದ್ದ ತುದಿಯನ್ನು ಬಾಲ್ಕನಿಯ ಕಂಬಕ್ಕೆ ಮೂರು ಸುತ್ತು ಸುತ್ತಿದಳು. “ಈಗ ಮೆಲ್ಲಗೆ ಬಿಡಿ. ಬಿಡಿ ಅಂದ್ನಲ್ಲ, ಕಂಬ ಹಿಡಿಯತ್ತೆ.” ಕಂಬದ ಸುತ್ತಿನಿಂದ ಮೊಳ ಮೊಳವಾಗಿ ಹಗ್ಗ ಸಡಿಲಿಸುತ್ತ ಬೀರುವನ್ನು ಬೀದಿಗೆ ಇಳಿಸಿದಳು. ಅದು ನೆಲ ಮುಟ್ಟಿದ್ದೇ ತಡ, ಕೆಳಗಿನಿಂದ ಅತ್ತೆ ಕೂಗಿದರು: “ನೋಡ್ದ್ಯಾ, ಒಂದು ಗೀರೂ ಬಿದ್ದಿಲ್ಲ! ಎಂಥಾ ಹಗ್ಗ!”

ಬೀರು ಗಾಡಿಯಲ್ಲಿ ಹೋಯಿತು. ಗಾಜಕ್ಕ ಹಗ್ಗವನ್ನು ಪಡಸಾಲೆಗೆ ತಂದು, ಚಕ್ಕಳಮಕ್ಕಳ ಕೂತು, ಒಂದು ತುದಿಯಿಂದ ಕೈಯಲ್ಲಿ ಎಳೆಯುತ್ತ ಬಂದಳು. ಸುಮಾರು ಹದಿನೈದು ಮೀಟರು ಬಂದಾಗ ಅವಳ ಬೆರಳು ನಿಂತಿತು.

“ಹೋಯ್ತು” ಎಂದಳು.

“ಏನು ಹೋಯ್ತು? ಸ್ವಲ್ಪ ಜುಂಗು ಎದ್ದಿದೆ ಅಷ್ಟೇ,” ಎಂದ ಮೈದುನ. “ದೀಪದ ಬೆಂಕಿ ತೋರಿಸಿದ್ರೆ ಕೂತ್ಕೊಳ್ಳತ್ತೆ.”

“ಬೀರುನೇ ಹಿಡೀತು, ನೀನೇನು ಬೀರುಗಿಂತ ಭಾರ ಇದೀಯಾ?” ಎಂದರು ಅತ್ತೆ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡನ ಕಡೆ ತಿರುಗಿದಳು. “ರೀ, ನಿಮ್ಮ ದೊಡ್ಡ ಕತ್ತರಿ ತಗೊಂಡು ನಾನು ರಟ್ಟು ಕತ್ತರಿಸ್ಲಾ?”

“ಏ ಏ! ಬಟ್ಟೆ ಕತ್ತರಿ ಕಣೇ ಅದು! ರಟ್ಟು ಕತ್ತರಿಸಿದ್ರೆ ಬಾಯಿ ಹೋಗತ್ತೆ!”

“ಆ ಕತ್ತರಿನ ಈ ಮನೇಲಿ ಯಾರಾದ್ರೂ ಮುಟ್ತಾರಾ? ಅತ್ತೆ ಮುಟ್ತಾರಾ? ಹದಿನಾಲ್ಕು ವರ್ಷದಲ್ಲಿ ನಾನು ಮುಟ್ಟಿದೀನಾ? ಕತ್ತರಿ ಹಾಳಾದ್ರೆ ಒಂದು ಅಂಗಿ ಕೆಡತ್ತೆ, ಅಷ್ಟೇ ಅಲ್ವಾ?” ಅವಳು ಹಗ್ಗವನ್ನು ಅವನ ಮುಂದಕ್ಕೆ ತಳ್ಳಿದಳು. “ಕೈ ಕೊಡಿ ಇಲ್ಲಿ. ಕಣ್ಣು ಮುಚ್ಚಿ. ಮೇಲಿಂದ ಎಳೀತಾ ಬನ್ನಿ.”

ದರ್ಜಿ ಕಣ್ಣು ಮುಚ್ಚಿಕೊಂಡು ಹಗ್ಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಾಯಿಸಿದ. ಮುಟ್ಟಿದ ಮಾತ್ರಕ್ಕೆ ಬಟ್ಟೆಯ ಜಾತಿ ಹೇಳುವ ಬೆರಳುಗಳು ಅವು. ಗಟ್ಟಿ, ದುಂಡು, ಗಟ್ಟಿ, ದುಂಡು. ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗೆ, ಒಳಗಿನ ತಿರುಳು ಚಪ್ಪಟೆಯಾಗಿ ಎರಡಾಗಿ ಸರಿದ ಹಾಗೆ. ಅವನು ಅಲ್ಲೇ ಮತ್ತೊಮ್ಮೆ ಒತ್ತಿದ. ಇನ್ನೂ ಒಮ್ಮೆ.

“ಒಳಗೆ ದಾರ ಕಡಿದಿದೆ” ಎಂದ, ಕಣ್ಣು ತೆರೆಯದೆ.

“ಹೂಂ.”

“ಇದರಲ್ಲೇನೇ ನೀನು ದಿನಾ...”

“ಇದು ಎರಡನೇದು. ಮೊದಲನೇದು ಹೋದ್ರೆ ಉಳಿಯೋದು ಇದೊಂದೇ.”

ಅತ್ತೆ ಬಾಯಿ ತೆರೆದರು. ಮಗನ ಮುಖ ನೋಡಿ ಮುಚ್ಚಿಕೊಂಡರು. ಮೈದುನ ಎದ್ದು ಹೋಗಿ ನೀರು ಕುಡಿದ.

ಯಾರೂ ಇನ್ನು ತಪ್ಪಿಯೂ ಅದನ್ನು ಕಟ್ಟಿಕೊಂಡು ಇಳಿಯಬಾರದು ಎಂದು ಗಾಜಕ್ಕ ಅಡುಗೆಮನೆಯ ಚಾಕು ತಂದು ಹಗ್ಗವನ್ನು ತುಂಡು ಮಾಡಿದಳು. ಗಂಡ ಬಿಗಿಯಾಗಿ ಹಿಡಿದುಕೊಟ್ಟ. ಅಗ್ಗದ ಹಗ್ಗ ಸುಲಭಕ್ಕೆ ಕಡಿಯಲಿಲ್ಲ; ಒಂದೊಂದು ತುಂಡಿಗೂ ಇಬ್ಬರೂ ಬೆವತರು. ಕೊನೆಗೆ ಎಲ್ಲರಿಗೂ ಸಾಕಾಗುವಷ್ಟು ತುಂಡುಗಳಾದವು. ಅತ್ತೆ ಉದ್ದದ್ದನ್ನೇ ಆರಿಸಿಕೊಂಡು, “ಮೊದ್ಲೇ ಹೀಗೆ ಕೊಟ್ಟಿದ್ರೆ ಇಷ್ಟು ರಂಪ ಆಗ್ತಿತ್ತಾ?” ಅಂದರು. ಗಾಜಕ್ಕ ಹಣೆ ಚಚ್ಚಿಕೊಂಡಳು.

ಮುಂದಿನ ತಿಂಗಳು ಅದೇ ಅಂಗಡಿಯಿಂದ ಅದೇ ತರಹದ ಹಗ್ಗ ತಂದಳು, ಈ ಸಲ ಕೆಂಪು. ಗಂಡನೂ ಜೊತೆಗೆ ಬಂದು ಅರವತ್ತು ಮೀಟರನ್ನೂ ಬೆರಳಲ್ಲಿ ಹಾಯಿಸಿ ನೋಡಿದ್ದರಿಂದ ಅಂಗಡಿಯವನಿಗೆ ರೇಜಿಗೆಯಾಯಿತು. ಹಗ್ಗ ಮನೆಗೆ ಬರಲೇ ಇಲ್ಲ. ಮೇಸ್ತ್ರಿ ತಮ್ಮ ಕೋಣೆಯ ಕಿಟಕಿಯ ಬಳಿ ಅದಕ್ಕೊಂದು ಗೂಟ ಬಡಿಸಿಕೊಟ್ಟರು. “ಹೊಸದು ತಂದಿದಾಳಂತೆ, ನಮಗೆ ತೋರಿಸೋಕೂ ಇಲ್ಲ” ಎಂದು ಅತ್ತೆ ಕೆಳಮನೆಯಾಕೆಯ ಹತ್ತಿರ ಹೇಳಿಕೊಂಡದ್ದು ಇವಳ ಕಿವಿಗೂ ಬಿತ್ತು.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದಾಗ ಗಂಡ ಕುರ್ಚಿಯಲ್ಲಿ ಒರಗಿ ಕತ್ತು ಒತ್ತಿಕೊಳ್ಳುತ್ತಿದ್ದ.

“ಇವತ್ತು ಅಂಗಡಿ ಮುಚ್ಚಿ ಅಲ್ಲಿಗೆ ಬಂದಿದ್ದೆ,” ಎಂದ. “ರಸ್ತೆ ಆಚೆ ನಿಂತು ನೋಡ್ದೆ. ಒಂದು ಗಂಟೆ. ಕತ್ತು ಹಿಡ್ಕೊಂಡಿದೆ. ಒಂಬತ್ತನೇ ಅಂತಸ್ತಲ್ಲಿ ನೀನು ಒಂದು ಕೈಬಿಟ್ಟು ಬಗ್ಗಿದಾಗ ನನ್ನ ಜೀವ ಬಾಯಿಗೆ ಬಂತು ಕಣೇ.”

ಹದಿನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಆ ಕಡೆ ಸುಳಿದವನಲ್ಲ. ಅವಳು ಚೀಲ ಇಳಿಸಿ ಅವನ ಪಕ್ಕ ಕೂತಳು. ಆಮೇಲೆ ಏನೋ ಹೊಳೆದು ಕೇಳಿದಳು: “ಟೋಪಿ ಯಾವ ಬಣ್ಣ?”

“ಹಳದಿ.”

“ರೀ, ಅದು ಮೇಸ್ತ್ರಿ! ನಾನು ಇವತ್ತು ಕಟ್ಟಡದ ಹಿಂದುಗಡೆ ಇದ್ದೆ.”

ಗಂಡ ಕತ್ತು ಒತ್ತುವುದನ್ನು ನಿಲ್ಲಿಸಿದ. “ಮೀಸೆ ಇದ್ದ ಹಾಗೆ ಕಂಡಿತು,” ಎಂದ ಮೆಲ್ಲಗೆ. “ಬಿಸಿಲಿಗೆ ಹಾಗೆ ಕಾಣತ್ತೇನೋ ಅಂದ್ಕೊಂಡೆ.”

ಗಾಜಕ್ಕ ಅವನನ್ನೇ ಒಂದು ನಿಮಿಷ ದಿಟ್ಟಿಸಿದಳು. ಆಮೇಲೆ ನಿಟ್ಟುಸಿರು ಬಿಟ್ಟು, ಅವನ ಕತ್ತಿಗೆ ಹಚ್ಚಲು ಎಣ್ಣೆ ಬಿಸಿಮಾಡಲು ಒಳಗೆ ಹೋದಳು.