ಹಳದಿ ಬಟ್ಟೆಯ ಗಂಟು

"ಅವನು ಲಕೋಟೆ ತಗೊಂಡ ಮೇಲೇ ಈ ಹಳದಿ ಬಟ್ಟೆನ ಬಾಲ್ಕನಿ ಕಂಬಿಗೆ ಹಾಕಿ, ಅಜ್ಜಿ. ನಾವು ಕೆಳಗೆ ಕಾರಲ್ಲೇ ಇರ್ತೀವಿ," ಎಂದು ಪೊಲೀಸ್ ಅಧಿಕಾರಿ ಶಿರೈಶಿ ಮತ್ತೆ ಹೇಳಿದಳು.

"ಎಷ್ಟು ಸಲ ಹೇಳ್ತೀಯಮ್ಮಾ? ವಯಸ್ಸಾಗಿರೋದು ಮಂಡಿಗೆ, ಕಿವಿಗಲ್ಲ," ಎಂದಳು ತೊವಾಕೊ.

ಅವಳಿಗೆ ಮೈಯೆಲ್ಲ ಪುಳಕ. ನಿನ್ನೆ ಯಾರೋ ಫೋನಿನಲ್ಲಿ "ಅಮ್ಮಾ, ನಾನೇ" ಎಂದು ಅತ್ತಿದ್ದ. ಕಂಪನಿಯ ದುಡ್ಡು ಕಳೆದಿದ್ದೇನೆ, ವಕೀಲರ ಕಡೆಯವರು ಬರುತ್ತಾರೆ, ಕೊಟ್ಟುಬಿಡು ಎಂದಿದ್ದ. ಮಕ್ಕಳನ್ನೇ ಹೆತ್ತಿರದ ತೊವಾಕೊ "ಆಗಲಿ ಮಗನೇ, ಊಟ ಆಯ್ತಾ?" ಎಂದು ಕೇಳಿ, ಆಮೇಲೆ ಪೊಲೀಸರಿಗೆ ಫೋನ್ ಮಾಡಿದ್ದಳು. ಒಸಾಕಾದ ಅಂಚಿನ ಈ ಹಳೆಯ ಕಟ್ಟಡದಲ್ಲಿ ಅರ್ಧ ಮನೆಗಳಿಗೆ ಬೀಗ. ಉಳಿದವುಗಳಲ್ಲಿ ಯಾರಾದರೂ ಸತ್ತರೆ ವಾಸನೆ ಬಂದಾಗಲೇ ಗೊತ್ತಾಗುವುದು. ಇಂಥಲ್ಲಿಗೆ ಕಳ್ಳನಾದರೂ ಬರುತ್ತಾನೆಂದರೆ ಸಣ್ಣ ಸಂಭ್ರಮವೇ? ಬೆಳಿಗ್ಗೆ ಎದ್ದವಳೇ ಅನ್ನದುಂಡೆ ಕಟ್ಟಿದ್ದಳು. ಬಟ್ಟೆಯನ್ನೂ ಮಡಿಸಿ ಅವುಗಳ ಪಕ್ಕದಲ್ಲೇ ಇಟ್ಟಳು.

ಬಂದವನಿಗೆ ಐವತ್ತರ ಆಸುಪಾಸು. ಸೂಟು ಯಾರದೋ, ತೋಳು ಬೆರಳವರೆಗೂ ಇಳಿದಿತ್ತು. ಬೂಟು ಬಿಚ್ಚಿದರೆ ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ. ಆದರೂ ಬಗ್ಗಿ, ಬೂಟುಗಳನ್ನು ಬಾಗಿಲ ಕಡೆ ತಿರುಗಿಸಿ ಜೋಡಿಸಿಟ್ಟ. ಯಾವುದೋ ತಾಯಿ ಚೆನ್ನಾಗಿ ಬೆಳೆಸಿದ್ದಳು.

ತೊವಾಕೊ ಕಾಗದದ ಚೂರು ತುಂಬಿದ್ದ ಲಕೋಟೆಯನ್ನು ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ಪೂಜೆಯ ಗೂಡಿನಲ್ಲಿದ್ದ ಅವಳ ಗಂಡನ ಫೋಟೊ ನೋಡಿ, "ಯಜಮಾನ್ರಿಗೆ ಒಂದು ಊದುಬತ್ತಿ ಹಚ್ಚಲಾ?" ಎಂದ. ಹಚ್ಚಿ ಕೈಮುಗಿದ. ಅಲ್ಲಿ ಎಡೆಯಿಟ್ಟಿದ್ದ ಅನ್ನದ ಬಟ್ಟಲಿನಿಂದ ಅವನು ಕಣ್ಣು ಕೀಳಲಿಲ್ಲ, ಹೊಟ್ಟೆ ಗುರುಗುಟ್ಟಿತು.

"ಏನಪ್ಪಾ, ವಕೀಲರು ಸಂಬಳ ಕೊಡಲ್ವಾ?"

ಅವನು ತಲೆ ತಗ್ಗಿಸಿದ. "ಕೆಲಸ ಹೋಯ್ತು. ಕಂಪನಿ ಕೊಟ್ಟಿದ್ದ ಕೋಣೆನೂ ಹೋಯ್ತು. ಇದು... ನಂಗೆ ಮೊದಲನೇ ಸಲ."

ತೊವಾಕೊಗೆ ನಿನ್ನೆಯಿಂದ ಕಾದಿದ್ದ ಆಟ ಬೇಡವಾಗಿ, ಬೇರೆಯದೇ ಹುರುಪು ಹತ್ತಿತು.

"ಇದ್ರಲ್ಲಿರೋದು ಬರೀ ಕಾಗದ. ಕೆಳಗೆ ಪೊಲೀಸ್ರು ಕೂತಿದಾರೆ. ನಾನು ಸನ್ನೆ ಮಾಡಲ್ಲ. ಸುಮ್ನೆ ನಡ್ಕೊಂಡು ಹೋಗ್ಬಿಡು."

ಬಂದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿದ್ದವಳಲ್ಲ ಅವಳು. ಅವಸರದಲ್ಲಿ ಅನ್ನದುಂಡೆಗಳನ್ನು ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. "ಓಡಬೇಡ ಮತ್ತೆ."

"ಬರ್ತೀನಮ್ಮಾ," ಎಂದ ಅವನು.

ತೊವಾಕೊ ಮಂಡಿನೋವು ಮರೆತು ಬಾಲ್ಕನಿಗೆ ಧಾವಿಸಿದಳು. ಅವಳು ಹೇಳಿದಂತೆಯೇ ಅವನು ಬಿಸಿಲಿನಲ್ಲಿ ನಿಧಾನವಾಗಿ ನಡೆಯುತ್ತಿದ್ದ. ಗೆದ್ದೆ ಅನ್ನಿಸಿತು ಅವಳಿಗೆ. ಆಗ ಅವನ ಕೈಯಲ್ಲಿ ತೂಗುತ್ತಿದ್ದ ಹಳದಿ ಗಂಟು ಕಣ್ಣಿಗೆ ಬಿತ್ತು.

ಬಿಳಿ ಕಾರಿನ ಎರಡೂ ಬಾಗಿಲು ತೆರೆದುಕೊಂಡವು. ಪೊಲೀಸರು ಅವನನ್ನು ನೆಲಕ್ಕೊತ್ತಿ ಹಿಡಿದರು. ಅವನು ಮಾತ್ರ ಒಂದು ಕೈಯನ್ನು ಮೇಲೆತ್ತಿ, ಗಂಟು ಮಣ್ಣಿಗೆ ತಾಗದಂತೆ ಹಿಡಿದುಕೊಂಡೇ ಇದ್ದ.