ಕಿವಿ ಯಜಮಾನರ ಕೊನೆಯ ಬೆಲೆ

ಬಲಗೈ ಹೆಬ್ಬೆರಳ ಉಗುರಿನ ಸಂದಿಯ ಕಪ್ಪು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಹಲ್ಲುಜ್ಜುವ ಹಳೇ ಬ್ರಶ್ಶೊಂದನ್ನು ಮಗಳು ಸೀಮೆಎಣ್ಣೆಯಲ್ಲಿ ಅದ್ದಿ ಮತ್ತೆ ಉಜ್ಜಿದಳು. ತಣ್ಣಗಿನ ಕೈ ಅವಳು ಎಳೆದ ಕಡೆಗೆಲ್ಲ ಬಂತು. ಬದುಕಿದ್ದಾಗ ಅಪ್ಪ ಹೀಗೆ ಕೈ ಕೊಟ್ಟವನೇ ಅಲ್ಲ.

"ಸಾಕು ಬಿಡೇ," ಎಂದ ಬಾಗಿಲಲ್ಲಿ ನಿಂತಿದ್ದ ಸೋದರಮಾವ. "ಐವತ್ತು ವರ್ಷದ ಎಂಜಿನ್ ಎಣ್ಣೆ ಅದು. ಹೋಗೋದಾಗಿದ್ರೆ ನಿಮ್ಮಮ್ಮ ಇದ್ದಾಗಲೇ ಹೋಗಿರೋದು. ಜನ ಬರ್ತಿದಾರೆ, ಎದ್ದೇಳು. ಮೂರು ಗಂಟೆಗೆ ಶವಪೆಟ್ಟಿಗೆ ಎತ್ತಬೇಕು."

ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕಾಗದದ ಲೋಟ ಹಿಡಿದು ನಿಂತಿದ್ದರು. ಅರ್ಧ ಜನ ಗ್ಯಾರೇಜಿನವರು, ಅರ್ಧ ಜನ ಹಳೇ ಸ್ಪೋರ್ಟ್ಸ್ ಕಾರುಗಳ ಹುಚ್ಚು ಹಿಡಿಸಿಕೊಂಡ ಅನುಕೂಲಸ್ಥರು. ಎಲ್ಲರ ಬಾಯಲ್ಲೂ ಒಂದೇ ಮಾತು.

"ಅಂಥ ಕಿವಿ ಇನ್ನು ಹುಟ್ಟಲ್ಲ ಕಣ್ರೀ," ಎನ್ನುತ್ತಿದ್ದ ಗೇರ್‌ಬಾಕ್ಸ್ ಮೆಕ್ಯಾನಿಕ್. "ಬಿರುಕು ಬಿಟ್ಟ ಒಂದು ಎಂಜಿನ್ ಬ್ಲಾಕಿಗೆ ವೆಲ್ಡಿಂಗ್ ಹಾಕಿ, ಬಣ್ಣ ಬಳಿದು, ಹಡೆದವಳಿಗೂ ಗುರುತು ಸಿಗದ ಹಾಗೆ ಮಾಡಿದ್ದೆ. ಯಜಮಾನ್ರು ಸುತ್ತಿಗೇಲಿ ಒಂದೇಟು ಹಾಕಿದ್ರು. ನನ್ನ ಮುಖ ನೋಡಿ, 'ನೀನೇ ಹೇಳ್ತೀಯೋ, ನಾನು ಹೇಳ್ಲೋ?' ಅಂದ್ರು."

"ಆಮೇಲೆ?"

"ಆಮೇಲೇನು, ಮರ್ಯಾದೆಯಾಗಿ ನಾನೇ ಹೇಳ್ದೆ."

ನಗು ಎದ್ದಿತು, ಪಕ್ಕದ ಕೋಣೆಯಲ್ಲಿ ಏನಿದೆ ಎಂಬುದು ನೆನಪಾಗಿ ಅಲ್ಲಲ್ಲೇ ಇಂಗಿತು.

ಊರೆಲ್ಲ ಅಪ್ಪನನ್ನು ಕರೆಯುತ್ತಿದ್ದುದೇ ಕಿವಿ ಯಜಮಾನರು ಎಂದು. ಅರವತ್ತು ವರ್ಷದ ಹಿಂದಿನ ರೇಸ್ ಕಾರಿನ ಎಂಜಿನ್ನಿಗೆ ಯಾವ ಅಂಗಡಿಯಲ್ಲೂ ಬೆಲೆಪಟ್ಟಿ ಇರುವುದಿಲ್ಲ. ಮಾರುವವರು ಒಂದು ಬದಿ, ಕೊಳ್ಳುವವರು ಇನ್ನೊಂದು ಬದಿ ನಿಲ್ಲಬೇಕು. ಯಜಮಾನರು ಬ್ಲಾಕಿನ ಮೇಲೆ ಕೊರೆದ ನಂಬರು ಓದುತ್ತಿದ್ದರು, ಬಿಳಿ ಬಟ್ಟೆಗೆ ಎಣ್ಣೆ ಒತ್ತಿ ಮೂಸುತ್ತಿದ್ದರು, ಪ್ಲಗ್ಗು ಬಿಚ್ಚಿ ಅದರ ಮಸಿ ನೋಡುತ್ತಿದ್ದರು. ಕಡೆಗೆ ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಒಂದೊಂದು ಸಿಲಿಂಡರಿನ ಪಕ್ಕಕ್ಕೂ ಒಂದೊಂದೇ ಏಟು. ಗಟ್ಟಿ ಲೋಹ ಹಾಡುತ್ತದೆ, ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಎರಡನೇ ಏಟು ಹಾಕುವವನಿಗೆ ಮೊದಲನೆಯದು ಕೇಳಿಸಿಲ್ಲ ಎಂದರ್ಥ, ಎನ್ನುತ್ತಿದ್ದರು. ಆಮೇಲೆ ಬೆಲೆ, ಅದೂ ಒಂದೇ ಸಲ. ಅದರ ಮೇಲೆ ಯಾರೂ ಚೌಕಾಸಿ ಮಾಡಿದ್ದಿಲ್ಲ.

ಲೇತ್ ಕೆಲಸಗಾರನ ಹೆಂಡತಿ ಒಳಗೆ ಬಂದವಳೇ ಮಗಳ ಎರಡೂ ಕೈ ಹಿಡಿದುಕೊಂಡಳು. ಅವಳ ಗಂಡ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಯಜಮಾನರು ಕೊನೆಯದಾಗಿ ಬೆಲೆ ಕಟ್ಟಿದ್ದು ಅವನ ಎಂಜಿನ್ನಿಗೇ.

"ದೊಡ್ಡ ಮನುಷ್ಯರಮ್ಮ ನಿಮ್ಮಪ್ಪ. ಗತಿಯಿಲ್ಲದವಳು ಅಂತ ನನಗೋಸ್ಕರ ಒಂದು ಸುಳ್ಳು ಹೇಳಲಿಲ್ಲ. ಬಿರುಕಿದೆ ಅಂದ್ರು, ಮೂರು ಲಕ್ಷ ಅಂದ್ರು, ಮುಗೀತು."

"ಕೂತ್ಕೊಳ್ಳಿ," ಎಂದಳು ಮಗಳು.

"ನಮ್ಮನೆಯವರು ಅದನ್ನ ಗುಜರಿಯಿಂದ ತಂದು ಹನ್ನೊಂದು ವರ್ಷ ಅದರ ಮುಂದೆ ಕೂತ್ರು. ಮಕ್ಕಳ ಜೊತೆ ಒಂದು ಭಾನುವಾರ ಆಡಿದ್ದಿಲ್ಲ. ಕೊನೆಗೆ ನೋಡಿದ್ರೆ ಒಡಕು ಮಾಲು. ಅವತ್ತು ಮನೆಗೆ ಹೋಗಿ ಇವರ ಫೋಟೋ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಗೋಡೆ ಕಡೆ ಮುಖ ಮಾಡಿಸಿಟ್ಟಿದೀನಿ." ಅವಳು ಕಣ್ಣೊರೆಸಿಕೊಂಡಳು. "ಇವತ್ತು ಎಂಜಿನ್ನ ಲಾರಿಗೆ ಏರಿಸಿದ್ರು. ಅದನ್ನ ಕೊಂಡ ಸಾಹುಕಾರ್ರು ಹೇಗೂ ಇಲ್ಲಿಗೇ ಬರ್ತಿದ್ರಲ್ಲ, ನನ್ನನ್ನೂ ಕೂರಿಸ್ಕೊಂಡು ಬಂದ್ರು. ದುಡ್ಡು ಸಂಜೆ ಕೊಡ್ತಾರಂತೆ."

ಕಿಟಕಿಯ ಆಚೆ ಓಣಿಯಲ್ಲಿ ಲಾರಿ ನಿಂತಿತ್ತು. ಅದರ ಪಕ್ಕದಲ್ಲಿ ಗ್ಲೌಸ್ ಸಾಹುಕಾರ. ಕೈಗವಸಿಲ್ಲದೆ ಯಾವ ಎಂಜಿನ್ನನ್ನೂ ಮುಟ್ಟದವನು ಸಾವಿನ ಮನೆಗೆ ಬಂದೆನೆಂದು ಅವನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

* * *

ಎರಡೂವರೆ ವರ್ಷದ ಹಿಂದೆ ಅಪ್ಪನ ಎಡಗಿವಿ ಹೋಯಿತು, ಆರು ತಿಂಗಳಲ್ಲಿ ಬಲಗಿವಿಯೂ. ಗೊತ್ತಿದ್ದುದು ಡಾಕ್ಟರಿಗೆ ಮತ್ತು ಮಗಳಿಗೆ ಮಾತ್ರ. ಯಾರೂ ಪ್ರಶ್ನೆ ಕೇಳಬಾರದೆಂದು ಅಪ್ಪ ತಾನೇ ಹೆಚ್ಚು ಮಾತಾಡತೊಡಗಿದ. ಮಗಳು ಟಾರ್ಚು ಹಿಡಿಯುವ ನೆಪದಲ್ಲಿ ಜೊತೆಗೆ ಹೋಗತೊಡಗಿದಳು. ಬಲಗೈಯಲ್ಲಿ ಟಾರ್ಚು, ಎಡಗೈಯ ತೋರುಬೆರಳು ಬ್ಲಾಕಿನ ಅಂಚಿನ ಮೇಲೆ. ಬೆರಳು ಅಲ್ಲೇ ಇದ್ದರೆ ಗಟ್ಟಿ, ಎತ್ತಿದರೆ ಬಿರುಕು. ಚಿಕ್ಕಂದಿನಿಂದ ಆ ಶಬ್ದಗಳ ಮಧ್ಯೆ ಬೆಳೆದವಳು, ಒಮ್ಮೆಯೂ ತಪ್ಪಿರಲಿಲ್ಲ.

ಲೇತಿನವನ ಎಂಜಿನ್ನಿಗೆ ಬೆಲೆ ಕಟ್ಟಿದ ದಿನ ಬೆಳಿಗ್ಗೆ ಅವಳ ಮಗನಿಗೆ ಮೈ ಬೆಚ್ಚಗಿತ್ತು. ಮಾತ್ರೆ ನುಂಗಿಸಿ ಶಾಲೆಗೆ ದಬ್ಬಿ ಬಂದಿದ್ದಳು. ಲೇತಿನವನ ಶೆಡ್ಡಿನಲ್ಲಿ ಸುತ್ತಿಗೆ ಮೂರನೇ ಸಿಲಿಂಡರಿನ ಮೇಲೆ ಬಿದ್ದ ಗಳಿಗೆಯಲ್ಲೇ ಜೇಬಿನಲ್ಲಿ ಫೋನು ಗುರ್ ಎಂದಿತು. ಶಾಲೆಯದೇ ಇರಬೇಕೆಂದು ಅವಳ ಎಡಗೈ ತಾನಾಗಿ ಜೇಬಿಗೆ ಹೋಯಿತು. ಬ್ಲಾಕು ಶೆಡ್ಡು ತುಂಬ ಹಾಡುತ್ತಲೇ ಇತ್ತು.

ಅಪ್ಪ ಸುತ್ತಿಗೆ ಕೆಳಗಿಟ್ಟ. "ಬಿರುಕಿದೆ," ಎಂದ. "ಗಟ್ಟಿ ಇದ್ದಿದ್ರೆ ಒಂಬತ್ತು ಅಂತಿದ್ದೆ. ಮೂರು ಲಕ್ಷ."

ಮಗಳು ಬಾಯಿ ತೆರೆದಳು. ಆಚೆ ಬದಿಯಲ್ಲಿ ಸಾಹುಕಾರ ನಿಂತಿದ್ದ. ಬಾಯಿ ಮುಚ್ಚಿದಳು.

ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಮಾತ್ರೆ ಚೀಟಿಯ ಹಿಂದೆ ಬರೆದು ತೋರಿಸಿದಳು: ಫೋನು ಬಂತು, ಅದಕ್ಕೇ ಕೈ ತೆಗೆದೆ, ಬಿರುಕಿಲ್ಲ.

ಅಪ್ಪ ಎರಡು ಸಲ ಓದಿದ. "ವಾಪಸ್ ತಿರುಗಿಸು."

'ಎಲ್ಲಾ ಹೊರಗೆ ಬರುತ್ತೆ' ಎಂದು ಬರೆದಳು.

"ತಿರುಗಿಸು ಅಂದೆ."

ಜ್ವರದ ಹುಡುಗ ಹಿಂದಿನ ಸೀಟಿನಲ್ಲಿ ಬಂದು ಮಲಗಿದ. ಅವಳು ಕಾರನ್ನು ಮನೆ ಕಡೆಗೇ ಹೊಡೆದಳು. ನಾಳೆ ನೋಡೋಣ ಎಂದು ಅಪ್ಪನಿಗೆ ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದಳು. ಮಾರನೆಯ ದಿನವೂ ಅದನ್ನೇ ಹೇಳಿದಳು. ಮೂರನೆಯ ಬೆಳಿಗ್ಗೆ ಅಪ್ಪ ಅವಳನ್ನು ಕೇಳಲಿಲ್ಲ. ಕೋಟು ಹಾಕಿಕೊಂಡು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೂಟಿನ ಲಾಡಿ ಕಟ್ಟಲು ಬಗ್ಗಿದವನು ಹಾಗೇ ಮುಂದಕ್ಕೆ ಬಿದ್ದ.

* * *

"ಆ ಎಂಜಿನ್ನಲ್ಲಿ ಬಿರುಕಿಲ್ಲ," ಎಂದಳು ಮಗಳು.

ಸಾಹುಕಾರ ಆಗಷ್ಟೇ ಹೊಸಿಲು ದಾಟಿದ್ದ. ಲೋಟ ಹಿಡಿದವರೆಲ್ಲ ಅವಳ ಕಡೆ ತಿರುಗಿದರು.

"ಅಪ್ಪಂಗೆ ಎರಡು ವರ್ಷದಿಂದ ಕಿವಿ ಕೇಳ್ತಿರಲಿಲ್ಲ. ಕೇಳ್ತಿದ್ದವಳು ನಾನು. ಬೆರಳಲ್ಲಿ ಸನ್ನೆ ಮಾಡ್ತಿದ್ದೆ. ಅವತ್ತು ಫೋನ್ ಬಂತು, ಕೈ ತೆಗೆದೆ. ಅವರು ಬಿರುಕು ಅಂತ ತಿಳ್ಕೊಂಡ್ರು."

"ರಾತ್ರಿಯೆಲ್ಲ ನಿದ್ದೆ ಇಲ್ಲ ಇವಳಿಗೆ," ಎಂದ ಸೋದರಮಾವ ಗಾಬರಿಯಿಂದ. "ಏನೇನೋ ಮಾತಾಡ್ತಿದಾಳೆ. ಒಳಗೆ ನಡಿಯೇ."

"ನಿದ್ದೆ ಇಲ್ಲ, ನಿಜ. ಬುದ್ಧಿ ನೆಟ್ಟಗಿದೆ ಮಾವ."

ಸಾಹುಕಾರ ನಿಧಾನವಾಗಿ ಕೇಳಿದ: "ಈ ಎರಡು ವರ್ಷದಲ್ಲಿ ನಾನು ನಾಲ್ಕು ಎಂಜಿನ್ ತಗೊಂಡೆ. ಅವನ್ನೆಲ್ಲ ಕೇಳಿದ್ದು?"

"ನಾನೇ. ನಾಲ್ಕೂ ಸರಿಯಾಗಿವೆ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲಮ್ಮ."

"ಹೇಳಿದ್ರೆ ನನ್ನ ಕಿವಿ ನಂಬಿ ಬರ್ತಿದ್ರಾ?"

ಗೇರ್‌ಬಾಕ್ಸ್ ಮೆಕ್ಯಾನಿಕ್ ಲೋಟದ ತಳ ನೋಡುತ್ತ ನಿಂತ. ಯಾರೋ ಇಬ್ಬರು ಸೇದಿಬರುತ್ತೇವೆಂದು ಹೊರಗೆ ಹೋದರು.

ಲೇತಿನವನ ಹೆಂಡತಿ ಹತ್ತಿರ ಬಂದಳು. ದುಡ್ಡಿನ ಮಾತೇ ಎತ್ತಲಿಲ್ಲ. "ಪೂರ್ತಿ ಸರಿಯಾಗಿದೆಯಾ? ಇವರು ಮಾಡಿದ್ದು?"

"ಪೂರ್ತಿ. ಅಷ್ಟು ಚೆನ್ನಾಗಿ ಹಾಡಿದ್ದನ್ನ ನಾನು ಕೇಳೇ ಇರಲಿಲ್ಲ."

ಆ ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ಮಗಳು ಸಾಹುಕಾರನ ಕಡೆ ತಿರುಗಿದಳು. "ಅದರ ಬೆಲೆ ಒಂಬತ್ತು. ಅಪ್ಪನೇ ಹೇಳಿದಾರೆ, ನೀವೂ ಕೇಳಿದೀರಿ. ಅನುಮಾನ ಇದ್ರೆ ಬಣ್ಣ ಹಾಕಿ ಟೆಸ್ಟ್ ಮಾಡಿಸಿ, ಬಿರುಕಿದ್ರೆ ಕೆಂಪು ಗೆರೆ ಎದ್ದು ಕಾಣುತ್ತೆ."

"ಬಣ್ಣ ಹಾಕಿ ನೋಡೋದಾಗಿದ್ರೆ ನಿಮ್ಮಪ್ಪ ಯಾಕೆ ಬೇಕಿತ್ತು? ನಾನು ಕಬ್ಬಿಣ ಕೊಳ್ಳೋಕೆ ಬಂದವನಲ್ಲ ತಾಯಿ. ಅವರ ಮಾತು ಕೊಳ್ಳೋಕೆ ಬಂದವನು. ಆ ಮಾತೇ ಇಲ್ಲ ಅಂದ ಮೇಲೆ ನನಗೆ ಮೂರಕ್ಕೂ ಬೇಡ, ಒಂಬತ್ತಕ್ಕೂ ಬೇಡ." ಅವನು ಬಾಗಿಲಿಗೆ ಹೋಗಿ ಕೂಗಿದ: "ಇಳಿಸ್ರೋ ಅದನ್ನ!"

"ಇಲ್ಲೇನಾ, ಸಾಹುಕಾರ್ರೇ?" ಎಂದ ಲಾರಿಯವನು.

"ಇಲ್ಲೇ."

* * *

ಮೂರು ಗಂಟೆಗೆ ಪೆಟ್ಟಿಗೆ ಹೊರಬಂದಾಗ ಎಂಜಿನ್ನು ಗೇಟಿನ ಎದುರಿಗೇ ಮೂರು ಹಳೇ ಟೈರುಗಳ ಮೇಲೆ ಕೂತಿತ್ತು. ಲಾರಿ ಹೋಗಿಯಾಗಿತ್ತು, ಅದರ ಹಿಂದೆ ಇನ್ನೂ ನಾಲ್ಕಾರು ಕಾರುಗಳು. ಆರು ಹೆಗಲು ಬೇಕಾದಲ್ಲಿ ಉಳಿದಿದ್ದು ನಾಲ್ಕು: ಸೋದರಮಾವ, ಗೇರ್‌ಬಾಕ್ಸ್ ಮೆಕ್ಯಾನಿಕ್, ಶವದ ಗಾಡಿಯ ಇಬ್ಬರು ಆಳುಗಳು. ಮಗಳು ಹಿಂದಿನ ಹಿಡಿಕೆಗೆ ಕೈ ಕೊಟ್ಟಳು.

"ಯಾರಪ್ಪ ಇದನ್ನ ದಾರಿಗಡ್ಡ ಇಟ್ಟೋರು?" ಎಂದ ಗಾಡಿಯ ಆಳು. "ಪಕ್ಕಕ್ಕೆ ತಳ್ರೀ."

"ಇನ್ನೂರು ಕಿಲೋ ಮೇಲಿದೆ ಅದು," ಎಂದ ಮೆಕ್ಯಾನಿಕ್. "ನೀನೇ ತಳ್ಳು."

"ಹಂಗಾದ್ರೆ ಮೇಲಿಂದಲೇ ದಾಟಿಸಬೇಕು."

ಲೇತಿನವನ ಹೆಂಡತಿ ಎಂಜಿನ್ನಿನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ಗಾಳಿ ಒಳಗೆ ಹೋಗುವ ಆರು ಬಾಯಿಗಳೂ ಆಕಾಶಕ್ಕೆ ತೆರೆದಿದ್ದವು. ಹೊತ್ತವರ ಬೂಟುಗಳು ಓಣಿಯ ದೂಳೆಬ್ಬಿಸುತ್ತ ಹತ್ತಿರ ಬಂದವು. ಅವಳು ಮೈಮೇಲಿದ್ದ ಕಪ್ಪು ಶಾಲು ತೆಗೆದು, ದೂಳು ಒಳಗಿಳಿಯದಂತೆ ಎಂಜಿನ್ನಿನ ಮೇಲೆ ಹೊದಿಸಿದಳು. ಶಾಲು ನಾಲ್ಕು ಬಾಯಿಗಳಿಗೆ ಸಾಕಾಯಿತು. ಉಳಿದೆರಡನ್ನು ಅಂಗೈಗಳಿಂದ ಮುಚ್ಚಿದಳು.

"ಎತ್ತಿ... ಇನ್ನೂ ಎತ್ತಿ!"

ಪೆಟ್ಟಿಗೆ ತೊನೆಯುತ್ತ, ಒಂದು ಕಡೆಗೆ ವಾಲಿ, ಅವಳ ತಲೆಯ ಮೇಲಿಂದ ದಾಟತೊಡಗಿತು. ಅದರ ತಳ ಕೂದಲಿಗೆ ತಾಗುವಷ್ಟು ತಗ್ಗಿನಲ್ಲಿತ್ತು. ಅವಳು ಇನ್ನಷ್ಟು ಬಗ್ಗಿದಳು, ಕೈ ಮಾತ್ರ ತೆಗೆಯಲಿಲ್ಲ.